ಚಿಕ್ಕ ಮಕ್ಕಳಿಗೆ ಕನ್ನಡದಲ್ಲೇ ಆಲಿಸುವ ಪರೀಕ್ಷೆ: ಯಾವ ಪದ, ಯಾವ ಗದ್ದಲ, ಯಾವ ಅಂಕ?

ಕಿವಿಮಾತು (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಆಡಿಯಾಲಜಿಸ್ಟ್, ಅಂದರೆ ಕೇಳುವ ಶಕ್ತಿಯನ್ನು ಪರೀಕ್ಷಿಸುವವಳು. ಒಂದು ಕೆಲಸಕ್ಕೆ ಕೈ ಹಾಕುತ್ತಿದ್ದೇನೆ, ಅದಕ್ಕೆ ಬೇರೆ ಬೇರೆ ಕ್ಷೇತ್ರದವರ ತಲೆ ಬೇಕು.

ಕೆಲವು ಮಕ್ಕಳ ಆಡಿಯೋಗ್ರಾಮ್ (ಎಷ್ಟು ಸಣ್ಣ ಸದ್ದು ಕೇಳುತ್ತದೆ ಅಂತ ತೋರಿಸುವ ನಕ್ಷೆ) ಪೂರ್ತಿ ನಾರ್ಮಲ್ ಇರುತ್ತದೆ. ಸದ್ದಿಲ್ಲದ ರೂಮಿನಲ್ಲಿ ಕೂರಿಸಿದರೆ ಪಿಸುಮಾತೂ ಕೇಳುತ್ತದೆ. ಕ್ಲಾಸಿಗೆ ಹೋದರೆ ಮಾತ್ರ ಟೀಚರ್ ಹೇಳಿದ್ದರಲ್ಲಿ ಅರ್ಧ ತಪ್ಪಿ ಹೋಗುತ್ತದೆ. "ಆಂ? ಏನು?" ಅಂತ ಕೇಳುತ್ತಲೇ ಇರುತ್ತಾರೆ. ಕಿವಿ ಹಿಡಿದುಕೊಟ್ಟ ಸದ್ದನ್ನು ಮಿದುಳು ಬಿಡಿಸಿಕೊಳ್ಳುವ ಕಡೆ ತೊಡಕು. ಇದಕ್ಕೆ ಆಡಿಟರಿ ಪ್ರೊಸೆಸಿಂಗ್ ಡಿಸಾರ್ಡರ್ ಅನ್ನುತ್ತಾರೆ, ಚಿಕ್ಕದಾಗಿ ಎಪಿಡಿ.

ಈ ಪರೀಕ್ಷೆಗಳು ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. 1950ರ ದಶಕದಲ್ಲಿ ಇಟಲಿಯ ಬೊಕ್ಕಾ ಮತ್ತು ಕಲೇರೋ ಮಿದುಳಿನ ಗಡ್ಡೆ ಇದ್ದ ರೋಗಿಗಳಿಗೆ ಮಂಕು ಮಾಡಿದ ಮಾತು ಕೇಳಿಸಿ ನೋಡಿದರು. 1961ರಲ್ಲಿ ಡೋರೀನ್ ಕಿಮುರಾ ಎರಡೂ ಕಿವಿಗೆ ಒಂದೇ ಸಲ ಬೇರೆ ಬೇರೆ ಅಂಕೆ ಕೇಳಿಸಿದರು. ಆಗ ಬಲಗಿವಿಯ ಅಂಕೆಗಳೇ ಜಾಸ್ತಿ ನೆನಪಿಗೆ ಬಂದವು. ಇವತ್ತು ಮಕ್ಕಳಿಗೆ ಮಾಡುವ ಪರೀಕ್ಷೆಗಳಲ್ಲಿ ಬಹಳಷ್ಟು ಇವುಗಳ ಮೊಮ್ಮಕ್ಕಳೇ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಮೈಸೂರಿನ ಆಯಿಷ್‌ನಲ್ಲಿ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಟೀಚರ್‌ಗಳು ತುಂಬುವ 12 ಪ್ರಶ್ನೆಗಳ ಸ್ಕ್ಯಾಪ್ ಪಟ್ಟಿ ಮಾಡಿದ್ದಾರೆ. ಸ್ಟ್ಯಾಪ್ ಅನ್ನುವ ಸ್ಕ್ರೀನಿಂಗ್ ಪರೀಕ್ಷೆಯೂ ಅಲ್ಲಿಯದೇ. ಆದರೆ ಈ ಬಗೆಯ ಹೆಚ್ಚಿನ ಪರೀಕ್ಷೆಗಳನ್ನು 7 ವರ್ಷ ತುಂಬಿದ ಮೇಲೇ ಮಾಡುವುದು ರೂಢಿ. ನನ್ನ ಆಸೆ 5ರಿಂದ 8ರ ಮಕ್ಕಳಿಗೆ ಸರಿಹೊಂದುವ ಒಂದು ಸಣ್ಣ ಸೆಟ್. ಮೊದಲ ಕರಡಿನಲ್ಲಿ ಮೂರು ಭಾಗ ಇವೆ: ಗದ್ದಲದಲ್ಲಿ ಪದ ಕೇಳಿ ಚಿತ್ರ ಮುಟ್ಟುವುದು, ಎರಡು ಕಿವಿಗೆ ಎರಡು ಅಂಕೆ, ಸದ್ದಿನ ನಡುವಿನ ಸಣ್ಣ ಬಿಡುವನ್ನು ಗುರುತಿಸುವುದು.

ಎಲ್ಲಿ ಎಡವುತ್ತೇನೆ ಅಂತ ಈಗಲೇ ಹೇಳಿ. ರೆಕಾರ್ಡಿಂಗ್ ಆದ ಮೇಲೆ ಹೇಳಿದರೆ ದುಡ್ಡು ದಂಡ.

ನಲಿಕಲಿ ಟೀಚರ್ (ಕೊಪ್ಪಳ ಕಡೆ)

ಮೇಡಂ, ನಿಮ್ಮ ಗದ್ದಲ ಎಂಥದ್ದು? ನಮ್ಮಲ್ಲಿ ನಲಿ-ಕಲಿ ಅಂದರೆ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಗುಂಪು ಗುಂಪಾಗಿ. 1995ರಲ್ಲಿ ಹೆಗ್ಗಡದೇವನ ಕೋಟೆಯಲ್ಲಿ ಶುರುವಾದಾಗಿಂದ ಅದರ ಜೀವಾಳವೇ ಮಕ್ಕಳು ಮಾತಾಡುತ್ತಾ ಕಲಿಯುವುದು. ಒಂದು ತಟ್ಟೆಯವರು (ಗುಂಪಿಗೆ ನಾವು ತಟ್ಟೆ ಅನ್ನುತ್ತೇವೆ) ಹಾಡುತ್ತಿರುತ್ತಾರೆ, ಇನ್ನೊಂದು ತಟ್ಟೆಯವರು ಲೆಕ್ಕ ಹೇಳುತ್ತಿರುತ್ತಾರೆ. ಹೊರಗೆ ಬಿಸಿಯೂಟದ ಪಾತ್ರೆ ಸದ್ದು. ಫ್ಯಾನ್ ತಿರುಗುವ "ಸೊಂಯ್" ಅಂತ ಒಂದೇ ಸಮ ಸದ್ದು ಹಾಕಿ ಪರೀಕ್ಷೆ ಮಾಡಿದರೆ ನಮ್ಮ ಮಕ್ಕಳೆಲ್ಲ ಪಾಸ್ ಆಗಿಬಿಡುತ್ತಾರೆ ನೋಡ್ರಿ. ಅವರಿಗೆ ಕಷ್ಟ ಆಗುವುದು ಬೇರೆಯವರ ಮಾತಿನ ನಡುವೆ ಮಾತು ಹುಡುಕುವುದು.

ಕಿವಿಮಾತು

ಟೀಚರ್, ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಒಂದೇ ಸಮ ಸದ್ದು ಮಾತನ್ನು ಬರೀ ಮುಚ್ಚುತ್ತದೆ. ಬೇರೆಯವರ ಮಾತು ಹಾಗಲ್ಲ, ಗಮನವನ್ನೇ ಎಳೆದುಕೊಂಡು ಹೋಗುತ್ತದೆ. ಎರಡೂ ಬೇಕು, ಬೇರೆ ಬೇರೆ ಅಂಕದೊಂದಿಗೆ. ಹಿನ್ನೆಲೆಗೆ ಹಲವರು ಒಟ್ಟಿಗೆ ಕನ್ನಡ ಮಾತಾಡುವ ರೆಕಾರ್ಡಿಂಗ್ ಮಾಡೋಣ ಅಂತಿದ್ದೇನೆ.

ಪುಟಾಣಿ ಅಮ್ಮ (ಬೆಂಗಳೂರು)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗನಿಗೆ ಆರೂವರೆ. ಮನೆಯಲ್ಲಿ ಕನ್ನಡ, ಅಜ್ಜಿ ಜೊತೆ ತೆಲುಗು, ಸ್ಕೂಲಲ್ಲಿ ಇಂಗ್ಲಿಷ್. ಒಂದು ಕಡೆ ಇಂಗ್ಲಿಷ್ ಪದಗಳನ್ನು ಕೇಳಿಸಿ ಟೆಸ್ಟ್ ಮಾಡಿದರು. ಅದೂ ವಿದೇಶಿ ಉಚ್ಚಾರಣೆ. ಫೇಲ್ ಅಂದರು. ಎಪಿಡಿ ಅಂತ ರಿಪೋರ್ಟೂ ಕೊಟ್ಟರು. ಇದನ್ನು ನಂಬಬೇಕಾ?

ಕಿವಿಮಾತು

ಅಕ್ಕ, ಮಗುವನ್ನು ನೋಡದೆ ಹೌದು ಅಲ್ಲ ಅಂತ ಹೇಳಲಾರೆ. ಆದರೆ ಯಾವ ಭಾಷೆಯ, ಯಾವ ಉಚ್ಚಾರಣೆಯ ಮಕ್ಕಳ ಮೇಲೆ ನಾರ್ಮಲ್ ಅಂಕ ನಿಗದಿ ಮಾಡಿದ್ದಾರೋ, ಆ ಪರೀಕ್ಷೆ ಅಂಥ ಮಕ್ಕಳಿಗೇ ಸಲ್ಲುತ್ತದೆ. ಬೇರೆಯ ಮಗು ಕಡಿಮೆ ಅಂಕ ತೆಗೆದರೆ ಅದು ಕೇಳುವಿಕೆಯ ತೊಡಕೋ, ಪದ ಗೊತ್ತಿಲ್ಲದ್ದೋ ಬೇರೆ ಮಾಡಲು ಆಗುವುದಿಲ್ಲ. ಮೊದಲು ಕಿವಿಯ ಮಧ್ಯಭಾಗದಲ್ಲಿ ನೀರು ತುಂಬಿದೆಯಾ ಅಂತ ಟಿಂಪನೋಮೆಟ್ರಿ ಮಾಡಿಸಿದ್ದೀರಾ? ನೆಗಡಿ ಬಿಡದ ಮಕ್ಕಳಲ್ಲಿ ಇದು ಬಂದು ಹೋಗುತ್ತಿರುತ್ತದೆ. ಆ ದಿನಗಳಲ್ಲಿ ಯಾವ ಟೆಸ್ಟ್ ಮಾಡಿದರೂ ಅಂಕ ಇಳಿಯುತ್ತದೆ.

ಮಕ್ಕಳ ಡಾಕ್ಟರ್

ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಪಿಡಿ ಅನ್ನುವುದು ಪ್ರತ್ಯೇಕವಾಗಿ ಇದೆಯಾ ಅನ್ನುವುದೇ ವಿವಾದ. 2010ರಲ್ಲಿ ಬ್ರಿಟನ್ನಿನಲ್ಲಿ ಡೇವಿಡ್ ಮೂರ್ ಮತ್ತು ಸಂಗಡಿಗರು 6ರಿಂದ 11 ವರ್ಷದ 1,469 ಮಕ್ಕಳನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಗದ್ದಲದಲ್ಲಿ ಕೇಳುವ ಕಷ್ಟಕ್ಕೆ ಹೆಚ್ಚು ಹೊಂದಿಕೆಯಾದದ್ದು ಸದ್ದನ್ನು ಗ್ರಹಿಸುವ ಸೂಕ್ಷ್ಮ ಅಲ್ಲ, ಗಮನ. ಒಂದು ಗಳಿಗೆ ಚೆನ್ನಾಗಿ ಉತ್ತರಿಸಿ ಮರುಗಳಿಗೆ ಎಲ್ಲೋ ನೋಡುವ ಮಕ್ಕಳೇ ಕಡಿಮೆ ಅಂಕ ತೆಗೆದರು. ಐದು ವರ್ಷದ ಮಗುವಿನ ಗಮನ ಎಷ್ಟು ಹೊತ್ತು ನಿಲ್ಲುತ್ತದೆ? ಹೆಡ್‌ಫೋನ್ ಹಾಕಿ ಕೂರಿಸಿ, ತಪ್ಪು ಉತ್ತರ ಕೊಟ್ಟರೆ ಮಿದುಳಿನ ತೊಡಕು ಅನ್ನುವುದು ನ್ಯಾಯವಾ? ಇನ್ನೊಂದು ಹಣೆಪಟ್ಟಿ ಯಾರಿಗೆ ಬೇಕು ಹೇಳಿ.

ಸಿಡ್ನಿ ಕನ್ನಡಿಗ

ಡಾಕ್ಟರ್ ಹೇಳಿದ್ದು ಈ ಕ್ಷೇತ್ರಕ್ಕೆ ಬಿದ್ದ ದೊಡ್ಡ ಏಟು. ಏಟು ಬೇಕಾಗಿತ್ತು ಕೂಡ. ಆದರೆ ಅದಕ್ಕೆ ಒಂದು ಜಾಣ ಉತ್ತರವೂ ಇದೆ.

ಇಲ್ಲಿಯ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್‌ನ ಶರನ್ ಕ್ಯಾಮರಾನ್ ಮತ್ತು ಹಾರ್ವಿ ಡಿಲನ್ ಲಿಸನ್-ಎಸ್ ಅಂತ ಒಂದು ಪರೀಕ್ಷೆ ಮಾಡಿದರು. ಮಗು ಹೆಡ್‌ಫೋನಿನಲ್ಲಿ ವಾಕ್ಯ ಕೇಳಿ ತಿರುಗಿ ಹೇಳಬೇಕು. ಅದೇ ಹೊತ್ತಿಗೆ ಬೇರೆಯವರು ಕತೆ ಓದುತ್ತಿರುತ್ತಾರೆ. ವಾಕ್ಯ ಯಾವಾಗಲೂ ಎದುರಿನಿಂದ ಬಂದಂತೆ ಕೇಳುತ್ತದೆ. ಕತೆ ಒಂದು ಸುತ್ತಿನಲ್ಲಿ ಎದುರಿನಿಂದಲೇ, ಇನ್ನೊಂದರಲ್ಲಿ 90 ಡಿಗ್ರಿ ಎಡಬಲದಿಂದ. ಕತೆ ಹೇಳುವ ದನಿಯೂ ಒಮ್ಮೆ ಅದೇ ದನಿ, ಒಮ್ಮೆ ಬೇರೆ ದನಿ. ಮಗು ಸರಿ ಹೇಳಿದರೆ ವಾಕ್ಯದ ಸದ್ದು ಇಳಿಯುತ್ತದೆ, ತಪ್ಪಿದರೆ ಏರುತ್ತದೆ.

ಜಾಣತನ ಇರುವುದು ಅಂಕದಲ್ಲಿ. ಕತೆ ಎದುರಿನಿಂದ ಬಂದಾಗಿನ ಅಂಕ, ಪಕ್ಕದಿಂದ ಬಂದಾಗಿನ ಅಂಕ, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಮಗುವಿಗೆ ಭಾಷೆ ಕಷ್ಟ ಅಂದರೆ ಎರಡರಲ್ಲೂ ಕಷ್ಟ. ಗಮನ ಕಡಿಮೆ ಅಂದರೂ ಎರಡರಲ್ಲೂ ಕಡಿಮೆ. ಕಳೆದಾಗ ಅವು ಬಹುಪಾಲು ಹೊಡೆದುಹೋಗುತ್ತವೆ. ಉಳಿಯುವುದು ಸದ್ದಿನ ದಿಕ್ಕನ್ನು ಬಳಸಿಕೊಂಡು ಮಗು ಎಷ್ಟು ಲಾಭ ಪಡೆಯಿತು ಅನ್ನುವುದಷ್ಟೇ. ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಕಿವಿ ಸೋರಿದ ಮಕ್ಕಳಲ್ಲಿ ಈ ಲಾಭ ಕಡಿಮೆ ಇರುವುದು ಕಂಡುಬಂದಿದೆ. ಇಂಥ ಮಕ್ಕಳಿಗೆ ತರಬೇತಿಯೂ ಇದೆ.

ಮೇಡಂ, ನಿಮ್ಮ ಮೂರು ಭಾಗದಲ್ಲೂ ಹೀಗೆ ಕಳೆಯುವ ಜೋಡಿ ಇರಲಿ. ಬಿಡಿ ಅಂಕವನ್ನು ಯಾರೂ ನಂಬಬೇಕಿಲ್ಲ.

ಇನ್ನೊಂದು ಮಾತು. ಈ ಪರೀಕ್ಷೆ ಆಸ್ಟ್ರೇಲಿಯದ ಇಂಗ್ಲಿಷಿನಲ್ಲಿತ್ತು. ಅಮೆರಿಕದಲ್ಲಿ ಬಳಸಬೇಕಾದಾಗ ಅಲ್ಲಿಯವರ ದನಿಯಲ್ಲಿ ಬೇರೆ ರೆಕಾರ್ಡಿಂಗ್ ಮಾಡಿ, ಅಲ್ಲಿಯ ಮಕ್ಕಳ ಮೇಲೆ ಬೇರೆ ನಾರ್ಮಲ್ ಅಂಕ ತೆಗೆದರು. ಇಂಗ್ಲಿಷಿನಿಂದ ಇಂಗ್ಲಿಷಿಗೇ ಇಷ್ಟು. ಪುಟಾಣಿ ಅಮ್ಮ, ನಿಮ್ಮ ಪ್ರಶ್ನೆಗೆ ಇದೂ ಒಂದು ಉತ್ತರ.

ಮಕ್ಕಳ ಡಾಕ್ಟರ್

ಕಳೆಯುವ ಲೆಕ್ಕ ಒಪ್ಪುತ್ತೇನೆ. ಹಾಗೆ ಮಾಡಿದರೆ ನನ್ನ ಅರ್ಧ ತಕರಾರು ಹೋಯಿತು. ಉಳಿದರ್ಧ ಹಾಗೇ ಇದೆ: ಗುರುತಿಸಿದ ಮೇಲೆ ಮಗುವಿಗೆ ಏನು ಕೊಡುತ್ತೀರಿ?

ಅಂಕಿಸಂಖ್ಯೆ (ದಾವಣಗೆರೆ)

ಒಂದು ಎಚ್ಚರಿಕೆ. ಎರಡು ಅಂಕ ಕಳೆದರೆ ಗಮನದ ಪ್ರಭಾವ ಹೋಗುತ್ತದೆ ನಿಜ, ಆದರೆ ಎರಡರಲ್ಲಿದ್ದ ಅಳತೆಯ ಅಲುಗಾಟ ಸೇರಿಕೊಳ್ಳುತ್ತದೆ. ಉದಾಹರಣೆಗೆ 25 ಪದಗಳ ಪಟ್ಟಿ, ಮಗು ಶೇ. 80 ಸರಿ ಹೇಳುತ್ತದೆ ಅನ್ನಿ. ಒಂದು ಪಟ್ಟಿಯ ಅಲುಗಾಟವೇ 8 ಅಂಕ. ಎರಡು ಪಟ್ಟಿ ಕಳೆದರೆ ಸುಮಾರು 11. ಅಂದರೆ ಎರಡು ಕಿವಿ ನಡುವೆ 20 ಅಂಕದ ವ್ಯತ್ಯಾಸ ಬಂದರೂ ಅದು ಬರೀ ಆಕಸ್ಮಿಕ ಇರಬಹುದು. "ಎಡಗಿವಿ ವೀಕು" ಅಂತ ಬರೆಯುವ ಮುಂಚೆ ಇದು ನೆನಪಿರಲಿ.

ಚಿತ್ರ ಮುಟ್ಟಿಸುವುದರಲ್ಲೂ ಹೀಗೇ. ನಾಲ್ಕು ಚಿತ್ರದಲ್ಲಿ ಒಂದು ಅಂದರೆ ಸುಮ್ನೆ ಮುಟ್ಟಿದರೂ ಶೇ. 25 ಸರಿ. ಹತ್ತು ಪದ ಇಟ್ಟರೆ, ಏನೂ ಕೇಳದ ಮಗು ಐದು ಅಥವಾ ಹೆಚ್ಚು ಸರಿ ಮುಟ್ಟುವ ಸಾಧ್ಯತೆ ಸುಮಾರು ಶೇ. 8. ಪದ ಜಾಸ್ತಿ ಮಾಡಿದರೆ ಮಗು ಸುಸ್ತು. ಅದಕ್ಕೇ ಸಿಡ್ನಿ ಅಣ್ಣ ಹೇಳಿದ ಏರಿಳಿಸುವ ವಿಧಾನ ಒಳ್ಳೆಯದು. ತೀರಾ ಸುಲಭ, ತೀರಾ ಕಷ್ಟ ಎರಡರಲ್ಲೂ ಸಮಯ ಹಾಳಾಗುವುದಿಲ್ಲ.

ರೆಕಾರ್ಡಿಂಗ್ ರೂಮು (ಮೈಸೂರು)

ನನ್ನ ಕೆಲಸ ಆಡಿಯೋ. ಒಂದಷ್ಟು ಒಣ ಮಾತು.

ಎಂಪಿ3 ಬೇಡ, ವೇವ್ ಫೈಲೇ ಇರಲಿ. ಸಂಕುಚಿತ ಮಾಡಿದಾಗ ಮೊದಲು ಹೋಗುವುದೇ ನಿಮಗೆ ಬೇಕಾದ ಸೂಕ್ಷ್ಮ. ಎಲ್ಲ ಪದಗಳ ಸರಾಸರಿ ಮಟ್ಟ ಒಂದೇ ಮಾಡಿ, ಆಮೇಲೆ ಕಿವಿಯಿಂದಲೂ ಕೇಳಿ ನೋಡಿ. ಯಾಕೆಂದರೆ "ಇಲಿ" ಮತ್ತು "ಆನೆ" ಮೀಟರಿನಲ್ಲಿ ಸಮ ಇದ್ದರೂ ಕಿವಿಗೆ ಸಮ ಅನ್ನಿಸುವುದಿಲ್ಲ. ಎರಡು ಕಿವಿಗೆ ಎರಡು ಅಂಕೆ ಕೊಡುವಾಗ ಶುರು ಒಟ್ಟಿಗೆ ಬೀಳಬೇಕು. ಬ್ಲೂಟೂತ್ ಹೆಡ್‌ಫೋನ್ ಹತ್ತಿರವೂ ಸೇರಿಸಬೇಡಿ. ಮೊಬೈಲಿನಲ್ಲಿ ಮಾಡುವುದಾದರೆ "ಸೌಂಡ್ ಎನ್‌ಹ್ಯಾನ್ಸ್" ಥರದ್ದೆಲ್ಲ ಆಫ್ ಮಾಡಿ, ಇಲ್ಲವಾದರೆ ನೀವು ಹಾಕಿದ ಗದ್ದಲವನ್ನು ಫೋನೇ ತೆಗೆದುಹಾಕಿಬಿಡುತ್ತದೆ!

ಎಲ್ಲಕ್ಕಿಂತ ಮುಖ್ಯ: ಕಿವಿಗೆ ಎಷ್ಟು ಡೆಸಿಬೆಲ್ ತಲುಪುತ್ತಿದೆ ಅಂತ ಮೀಟರ್ ಇಟ್ಟು ಅಳೆಯಿರಿ. "ವಾಲ್ಯೂಮ್ ಅರ್ಧಕ್ಕೆ ಇಡಿ" ಅನ್ನುವುದು ಅಳತೆ ಅಲ್ಲ.

ಕಿವಿಮಾತು

ಅಣ್ಣಾ, ಇದೆಲ್ಲ ಬರೆದಿಟ್ಟುಕೊಂಡೆ. ಈಗ ನನಗೆ ನಿಜವಾಗಿ ತಲೆನೋವಾಗಿರುವ ವಿಷಯಕ್ಕೆ ಬರುತ್ತೇನೆ, ಪದಗಳು.

ಇಂಗ್ಲಿಷಿನಲ್ಲಿ ಒಂದೇ ಉಸಿರಿನ ಪದಗಳು ರಾಶಿ ಇವೆ. ಪದ ಕೇಳಿಸುವ ಎಷ್ಟೋ ಪರೀಕ್ಷೆಗಳು ಅವುಗಳ ಮೇಲೇ ನಿಂತಿವೆ. ಬ್ರಿಟನ್ನಿನಲ್ಲಿ ಮೆಕಾರ್ಮಿಕ್ ಆಟಿಕೆ ಪರೀಕ್ಷೆ ಅಂತ ಇದೆ. ಮೇಜಿನ ಮೇಲೆ 14 ಆಟಿಕೆ, ಏಳು ಜೋಡಿ. ಕಪ್ ಮತ್ತು ಡಕ್, ಕೀ ಮತ್ತು ಟ್ರೀ, ಹೀಗೆ. ಸ್ವರ ಒಂದೇ, ವ್ಯಂಜನ ಬೇರೆ. ಎರಡು ವರ್ಷ ದಾಟಿದ ಮಗುವೂ ಆಡುತ್ತಾ ತೋರಿಸುತ್ತದೆ. ನಮ್ಮಲ್ಲಿ ಹೆಚ್ಚಿನ ಪದಗಳಿಗೆ ಕನಿಷ್ಠ ಎರಡು ಅಕ್ಷರ, ಕೊನೆಯಲ್ಲಿ ಸ್ವರ. ಹಾಗಾಗಿ ನಮ್ಮ ಜೋಡಿ ನಾವೇ ಹುಡುಕಬೇಕು. ನನ್ನ ಪಟ್ಟಿ: ಕಣ್ಣು–ಹಣ್ಣು, ಹಲ್ಲು–ಕಲ್ಲು, ಹಾಲು–ಕಾಲು, ಮಳೆ–ಬಳೆ, ಮರ–ಸರ, ಇಲಿ–ಹುಲಿ, ಹಾವು–ಹೂವು. ಎಲ್ಲಕ್ಕೂ ಚಿತ್ರ ಬರೆಯಬಹುದು, ಐದು ವರ್ಷದ ಮಗುವಿಗೆ ಗೊತ್ತಿರುವ ಪದಗಳೇ.

ಅಂಕೆಗಳಲ್ಲೂ ಒಂದು ತೊಡಕು. ಇಂಗ್ಲಿಷಿನ ಅಂಕೆ ಪರೀಕ್ಷೆಯಲ್ಲಿ ಏಳನ್ನು ಬಿಡುತ್ತಾರೆ, ಅದೊಂದೇ ಉದ್ದ ಅಂತ. ನಮ್ಮಲ್ಲಿ ಎರಡು, ಒಂಬತ್ತು ಮೂರು ಅಕ್ಷರ, ಉಳಿದವೆಲ್ಲ ಎರಡು. ಆ ಎರಡನ್ನು ಬಿಟ್ಟರೆ ಒಂದರಿಂದ ಹತ್ತರವರೆಗೆ ಎಂಟು ಸಿಗುತ್ತವೆ. ಮೂರು ಮತ್ತು ಆರನ್ನು ಒಟ್ಟಿಗೆ ಕೊಡಬಾರದು, ಕೊನೆ ಬೆರೆತುಹೋಗುತ್ತದೆ.

ನಲಿಕಲಿ ಟೀಚರ್

ಮೇಡಂ, ನಿಮ್ಮ ಮಳೆ ನಮ್ಮಲ್ಲಿ ಮಳಿ. ಬಳೆ ಬಳಿ. ಮಗು ಬಾಯಿಂದ ಹೇಳಬೇಕು ಅಂತ ಇಟ್ಟರೆ "ಮಳಿ" ಅನ್ನುತ್ತದೆ. ತಪ್ಪು ಅಂತ ಹಾಕಿಬಿಟ್ಟೀರಿ! ಚಿತ್ರ ಮುಟ್ಟುವುದಾದರೆ ಪರವಾಗಿಲ್ಲ. ಎಲೆ–ಇಲಿ ಜೋಡಿ ಮಾತ್ರ ಸೇರಿಸಬೇಡಿ. ಇಲ್ಲಿ ಅದು ಎಲಿ–ಇಲಿ ಆಗುತ್ತದೆ, ದಕ್ಷಿಣದ ಮಗುವಿಗಿಂತ ನಮ್ಮ ಮಗುವಿಗೆ ಕಷ್ಟ ಜಾಸ್ತಿ.

ರೆಕಾರ್ಡಿಂಗ್ ರೂಮು

ನಮ್ಮ ಕಡೆ ಹಳ್ಳಿಗಳಲ್ಲಿ ಹಾಲು ಆಲು, ಹಲ್ಲು ಅಲ್ಲು, ಹುಲಿ ಉಲಿ. ನಿಮ್ಮ ಏಳು ಜೋಡಿಯಲ್ಲಿ ಐದರಲ್ಲಿ ಹಕಾರ ಇದೆ ನೋಡಿ. ಸ್ಟುಡಿಯೋದಲ್ಲಿ ಹಕಾರ ಒತ್ತಿ ಹೇಳಿದ ಪದ ಆ ಮಗುವಿಗೆ ಪರಕೀಯ. ಹಕಾರವೇ ಇಲ್ಲದ ಜೋಡಿ ಇನ್ನೂ ಒಂದಷ್ಟು ಹುಡುಕಿ.

ಭಾಷೆ ಹುಚ್ಚ (ಶಿವಮೊಗ್ಗ)

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಇನ್ನು ತಡೆಯಲಾಗಲಿಲ್ಲ. ಮೇಡಂ, ಮೂರನೇ ಭಾಗ ಸದ್ದಿನ ನಡುವಿನ ಬಿಡುವು ಅಂದಿರಿ. ಅದಕ್ಕೆ ಬರೀ ಗರಗರ ಸದ್ದಿನಲ್ಲಿ ತೂತು ಕೊರೆದು ಕೇಳಿಸುವುದಷ್ಟೇ ಯಾಕೆ? ಕನ್ನಡದ ಒತ್ತಕ್ಷರ ಇದೆಯಲ್ಲ!

ಕತೆ, ಕತ್ತೆ. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ನಡುವೆ ನಾಲಿಗೆ ಎಷ್ಟು ಹೊತ್ತು ಹಲ್ಲಿಗೆ ಒತ್ತಿ ನಿಂತಿತು ಅನ್ನುವುದು. ಆ ಹೊತ್ತಿನಲ್ಲಿ ಸದ್ದೇ ಇಲ್ಲ. "ಕತ್ತೆ" ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಆ ಮೌನವನ್ನು ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಹೋದರೆ ಒಂದು ಹಂತದಲ್ಲಿ ಕತ್ತೆ ಕತೆ ಆಗುತ್ತದೆ. ಮಗು ಎಲ್ಲಿ ಪಕ್ಷ ಬದಲಿಸುತ್ತದೆ, ಎಷ್ಟು ಖಚಿತವಾಗಿ ಬದಲಿಸುತ್ತದೆ ಅಂತ ನೋಡಬಹುದು. ಹಳಿ–ಹಳ್ಳಿ ಕೂಡ ಇದೇ ಥರ, ಅಲ್ಲಿ ಮಾತ್ರ ಮೌನ ಅಲ್ಲ, ಳಕಾರವೇ ಉದ್ದ. ಇಂಗ್ಲಿಷಿನ ಪರೀಕ್ಷೆ ಮಾಡಿದವರಿಗೆ ಇಂಥ ಸಲಕರಣೆ ಭಾಷೆಯೊಳಗೇ ಸಿಗುವುದಿಲ್ಲ. ನಮಗೆ ಪುಕ್ಕಟೆ ಸಿಕ್ಕಿದೆ.

ಕಿವಿಮಾತು

ಸರ್, ಇದು ಬಹಳ ಚೆನ್ನಾಗಿದೆ. ಗದ್ದಲದಲ್ಲಿ ತೂತು ಹುಡುಕುವ ಪರೀಕ್ಷೆಯಲ್ಲಿ ದೊಡ್ಡವರು ಸುಮಾರು 5 ಮಿಲಿಸೆಕೆಂಡಿನ ಬಿಡುವನ್ನೂ ಹಿಡಿಯುತ್ತಾರೆ. ಒತ್ತಕ್ಷರದ ಬಿಡುವು ಅದಕ್ಕಿಂತ ಎಷ್ಟೋ ಪಟ್ಟು ಉದ್ದ. ಹಾಗಾಗಿ ಎರಡೂ ಅಳೆಯುವುದು ಒಂದೇ ಅಲ್ಲ. ಒಂದು ಕಿವಿಯ ಸೂಕ್ಷ್ಮ, ಇನ್ನೊಂದು ಆ ಸೂಕ್ಷ್ಮವನ್ನು ಭಾಷೆಗೆ ಬಳಸುವುದು. ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಸೋಲುವ ಮಗು ಸಿಕ್ಕರೆ ನಮಗೆ ಗೊತ್ತಾಗುವುದು ಜಾಸ್ತಿ. ತೂತಿನ ಪರೀಕ್ಷೆಯನ್ನು ಬಿಡುವುದಿಲ್ಲ ಯಾಕೆಂದರೆ ಅದಕ್ಕೆ ಭಾಷೆ ಬೇಡ. ಮನೆಯಲ್ಲಿ ಉರ್ದು, ತುಳು, ಲಂಬಾಣಿ ಆಡುವ ಮಗುವಿಗೂ ಮಾಡಬಹುದು.

ಕತೆಗೆ ಮಾತ್ರ ಚಿತ್ರ ಏನು ಬರೆಯುವುದು? ಅಜ್ಜಿ ಸುತ್ತ ಕೂತ ಮಕ್ಕಳು ಬರೆದರೆ "ಅಜ್ಜಿ" ಅಂತಾವೆ.

ಭಾಷೆ ಹುಚ್ಚ

ಮೊದಲೇ ಎರಡೂ ಚಿತ್ರ ತೋರಿಸಿ ಕಲಿಸಿಬಿಡಿ. ಸದ್ದಿಲ್ಲದೆ ಕೇಳಿಸಿದಾಗ ಹತ್ತಕ್ಕೆ ಹತ್ತು ಸರಿ ಮುಟ್ಟಿದ ಮೇಲೇ ಪರೀಕ್ಷೆ ಶುರು.

ಸಿಡ್ನಿ ಕನ್ನಡಿಗ

ಆ "ಮೊದಲೇ ಕಲಿಸುವುದು" ಎಲ್ಲ ಭಾಗಕ್ಕೂ ಇರಲಿ. ಸದ್ದಿಲ್ಲದಾಗ ಆಗದ್ದು ಗದ್ದಲದಲ್ಲಿ ಆಗಲಿಲ್ಲ ಅಂದರೆ ಅದಕ್ಕೆ ಅರ್ಥವೇ ಇಲ್ಲ.

ಎರಡು ಕಿವಿಗೆ ಎರಡು ಅಂಕೆ ಕೊಡುವ ಭಾಗದಲ್ಲಿ ತಾಳ್ಮೆ ಇರಲಿ. ಚಿಕ್ಕ ಮಕ್ಕಳಲ್ಲಿ ಎಡಗಿವಿ ಹಿಂದೆ ಬೀಳುವುದು ಸಹಜ. ಎಡಗಿವಿಯ ಮಾತು ಮಿದುಳಿನ ಬಲಭಾಗದಿಂದ ಎಡಭಾಗಕ್ಕೆ ದಾಟಬೇಕು, ಆ ದಾರಿ ಬಲಿಯಲು 10–11 ವರ್ಷ ಬೇಕು. ಐದರ ಮಗುವಿನ ಅಂಕ ಎಂಟರ ಮಗುವಿನದಕ್ಕೆ ಹೋಲಿಸಿದರೆ ಎಲ್ಲರೂ ರೋಗಿಗಳೇ. ಹತ್ತಿರ ಹತ್ತಿರ ವಯಸ್ಸಿಗೆ ಬೇರೆ ಬೇರೆ ನಾರ್ಮಲ್ ಬೇಕು.

ಅಂಕಿಸಂಖ್ಯೆ

ಆರಾರು ತಿಂಗಳಿಗೆ ಒಂದು ಗುಂಪು ಮಾಡಿ. ಇನ್ನೊಂದು, ಅಮೆರಿಕದ ಆಡಿಯಾಲಜಿ ಅಕಾಡೆಮಿಯ 2010ರ ಮಾರ್ಗಸೂಚಿ ಒಂದೇ ಪರೀಕ್ಷೆ ನೋಡಿ ತೀರ್ಮಾನ ಬೇಡ ಅನ್ನುತ್ತದೆ. ಕನಿಷ್ಠ ಎರಡು ಪರೀಕ್ಷೆಯಲ್ಲಿ, ಕನಿಷ್ಠ ಒಂದು ಕಿವಿಯಲ್ಲಿ, ಸರಾಸರಿಗಿಂತ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವ ಅಳತೆ) ಕೆಳಗಿರಬೇಕು. ಇದರ ಹಿಂದೆ ಸರಳ ಲೆಕ್ಕ ಇದೆ. ಆ ಗೆರೆಯ ಕೆಳಗೆ ಆರೋಗ್ಯವಾಗಿರುವ ಮಕ್ಕಳೂ ಶೇ. 2ರಷ್ಟು ಬೀಳುತ್ತಾರೆ. ಒಂದಕ್ಕೊಂದು ಸಂಬಂಧ ಇಲ್ಲದ ಹತ್ತು ಅಂಕ ತೆಗೆದರೆ, ಏನೂ ಆಗಿಲ್ಲದ ಮಗು ಎಲ್ಲಾದರೂ ಒಂದು ಕಡೆ ಕೆಳಗೆ ಬೀಳುವ ಸಾಧ್ಯತೆ ಶೇ. 20. ಟೆಸ್ಟ್ ಜಾಸ್ತಿ ಮಾಡಿದಷ್ಟೂ ಯಾವುದಾದರೂ ಒಂದು ಕಾಯಿಲೆ ಸಿಕ್ಕೇ ಸಿಗುತ್ತದೆ.

ಪುಟಾಣಿ ಅಮ್ಮ

ಟಿಂಪನೋಮೆಟ್ರಿ ಮಾಡಿಸಿರಲಿಲ್ಲ. ಈ ವಾರ ಮಾಡಿಸುತ್ತೇನೆ. ಡಾಕ್ಟರ್ ಕೇಳಿದ ಪ್ರಶ್ನೆ ನನ್ನದೂ ಹೌದು. ತೊಡಕು ಇದೆ ಅಂತಾದರೆ ಏನು ಸಿಗುತ್ತದೆ? ಸರ್ಟಿಫಿಕೇಟ್ ಸಿಗುತ್ತಾ?

ಕಿವಿಮಾತು

ಶ್ರವಣ ದೋಷದ ಸರ್ಟಿಫಿಕೇಟ್ ಸಿಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ ಕನಿಷ್ಠ 60 ಡೆಸಿಬೆಲ್ ನಷ್ಟ ಇರಬೇಕು. ಈ ಮಕ್ಕಳ ಆಡಿಯೋಗ್ರಾಮ್ ನಾರ್ಮಲ್. ಜೊತೆಗೆ ಓದು ಬರಹದ ತೊಂದರೆಯೂ ಇದ್ದರೆ ಕಲಿಕಾ ದೋಷ ಅನ್ನುವ ಬೇರೆ ವಿಭಾಗ ಇದೆ, ಅದಕ್ಕೆ ಬೇರೆ ಪರೀಕ್ಷೆ.

ಆದರೆ ಸರ್ಟಿಫಿಕೇಟ್ ಇಲ್ಲದೆಯೂ ಮಾಡುವುದು ಬಹಳ ಇದೆ. ಮಗುವನ್ನು ಟೀಚರ್ ಹತ್ತಿರ, ಕಿಟಕಿ ಮತ್ತು ಫ್ಯಾನಿನಿಂದ ದೂರ ಕೂರಿಸುವುದು. ಒಂದು ಸಲಕ್ಕೆ ಒಂದೇ ಮಾತು ಹೇಳುವುದು. ಟೀಚರ್ ಹತ್ತಿರ ಮೈಕ್, ಮಗುವಿನ ಕಿವಿಯಲ್ಲಿ ಪುಟ್ಟ ರಿಸೀವರ್ ಇರುವ ಸಾಧನವೂ ಇದೆ, ಬೆಲೆ ಜಾಸ್ತಿ. ಡಾಕ್ಟರ್, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಪರೀಕ್ಷೆಯ ಕೊನೆಗೆ ಹಣೆಪಟ್ಟಿ ಬರೆಯುವುದಿಲ್ಲ. "ಈ ಮಗುವಿಗೆ ಪಕ್ಕದ ಮಾತು ಜಾಸ್ತಿ ಅಡ್ಡಿ", "ಈ ಮಗುವಿಗೆ ವೇಗ ಜಾಸ್ತಿಯಾದರೆ ಕಷ್ಟ" ಅಂತ ಬರೆಯುತ್ತೇವೆ. ಟೀಚರಿಗೆ ಬೇಕಾಗಿರುವುದು ಅದೇ ಅಲ್ವಾ.

ಮಕ್ಕಳ ಡಾಕ್ಟರ್

ಹಾಗಾದರೆ ನನ್ನ ಕಡೆಯಿಂದಲೂ ಮಕ್ಕಳನ್ನು ಕಳಿಸುತ್ತೇನೆ, ಕಿವಿ ಪರೀಕ್ಷಿಸಿದ ಮೇಲೆ. ತಂದೆ ತಾಯಿಯ ಒಪ್ಪಿಗೆ ಪತ್ರ ಕನ್ನಡದಲ್ಲಿ, ಅವರಿಗೆ ಅರ್ಥವಾಗುವ ಹಾಗೆ ಇರಲಿ. ಎಥಿಕ್ಸ್ ಸಮಿತಿಯ ಅನುಮತಿ ಇಲ್ಲದೆ ಒಂದು ಮಗುವಿಗೂ ಹೆಡ್‌ಫೋನ್ ಹಾಕಬೇಡಿ.

ನಲಿಕಲಿ ಟೀಚರ್

ನಮ್ಮ ಕ್ಲಸ್ಟರಿನ ಶಾಲೆಗಳಲ್ಲಿ ಮಾಡಬಹುದು, ಬಿಇಒ ಸಾಹೇಬರ ಅನುಮತಿ ಪತ್ರ ತಂದರೆ. ಮಧ್ಯಾಹ್ನ ಊಟ ಆದ ಮೇಲೆ ಬೇಡ, ಅರ್ಧ ಮಕ್ಕಳು ತೂಕಡಿಸುತ್ತಾರೆ. ಬೆಳಿಗ್ಗೆ ಪ್ರಾರ್ಥನೆ ಆದ ಕೂಡಲೇ ಬನ್ನಿ.

ಅಂಕಿಸಂಖ್ಯೆ ಸರ್, ಆರಾರು ತಿಂಗಳ ಗುಂಪು ಅಂದಿರಿ. ಶಾಲೆಯ ದಾಖಲಾತಿ ನೋಡಿ ವಯಸ್ಸು ಹಾಕಬೇಡಿ. ಇಲ್ಲಿ ಎಷ್ಟೋ ಮಕ್ಕಳು ಜೂನ್ 1ಕ್ಕೇ ಹುಟ್ಟಿದ್ದಾರೆ!

ಅಂಕಿಸಂಖ್ಯೆ

ಹ್ಹಹ್ಹ, ನನ್ನದೂ ದಾಖಲೆಯಲ್ಲಿ ಜೂನ್ 1ನೇ ಟೀಚರ್. ಮತ್ತೆ ನಿಜವಾದ ತಾರೀಖು ಎಲ್ಲಿ ಸಿಗುತ್ತದೆ?

ನಲಿಕಲಿ ಟೀಚರ್

ತಾಯಿ ಕಾರ್ಡಿನಲ್ಲಿ. ಇಲ್ಲವಾದರೆ ಅಂಗನವಾಡಿಯ ರಿಜಿಸ್ಟರಿನಲ್ಲಿ ಇರುತ್ತದೆ. ಒಪ್ಪಿಗೆ ಪತ್ರ ಮನೆಗೆ ಕಳಿಸುವಾಗಲೇ "ತಾಯಿ ಕಾರ್ಡ್ ತನ್ನಿ" ಅಂತ ಬರೆದುಬಿಡಿ ಮೇಡಂ, ಎರಡು ಸಲ ಕರೆಸುವುದು ತಪ್ಪುತ್ತದೆ.